ಉಳಿದುದನ್ನು ಅಳೆಯುವ ಯಂತ್ರ

ಸಾಗುತ್ತಿರುವ ವಾಹನದ ರೇಡಿಯೋವಿನಲ್ಲಿ ಕೇಳಿಬರುವ ಮಾತು ಸ್ಪಷ್ಟವೋ ಅಸ್ಪಷ್ಟವೋ ಎಂಬುದನ್ನು ಕೇಳುಗನಿಗೇ ಬಿಟ್ಟರೆ ಕಿವಿಗೊಂದು ತೀರ್ಪು ಹುಟ್ಟುವುದೆಂದು ಬಲ್ಲ ತಂತ್ರಜ್ಞರು ರೂಪಿಸಿಕೊಂಡ ಉಪಕರಣಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಸಿನಾಡ್ ಮಾಪಕ. 1000 ಹರ್ಟ್ಸಿನ ಶುದ್ಧಸ್ವರವೊಂದನ್ನು ವಾಹಕತರಂಗದ ಮೇಲೇರಿಸಿ ಗ್ರಾಹಕಯಂತ್ರಕ್ಕೆ ಉಣಿಸಿ, ಹೊರಬಂದ ಸಮಸ್ತ ನಾದವನ್ನೂ ಒಮ್ಮೆ ಅಳೆದು, ಬಳಿಕ ಆ ಸ್ವರವನ್ನೇ ಶೋಧಕದಿಂದ ತೆಗೆದುಹಾಕಿ, ಉಳಿದ ಗದ್ದಲವನ್ನೂ ವಿಕೃತಿಯನ್ನೂ ಮತ್ತೊಮ್ಮೆ ಅಳೆಯುವುದು ಅದರ ಕ್ರಮ. ಆ ಶೇಷವು ಒಟ್ಟು ನಾದದ ಕಾಲುಭಾಗಕ್ಕೆ ಇಳಿದಾಗ ಮುಳ್ಳು 12 ಡೆಸಿಬೆಲ್ ತೋರುತ್ತದೆ. ಆ ಸ್ಥಿತಿಗೆ ಆಂಟೆನಾದ ತುದಿಯಲ್ಲಿ ಬೇಕಾದ ವೋಲ್ಟೇಜೇ ಯಂತ್ರದ ಸಂವೇದನಶೀಲತೆಯೆಂದು ಗಣಿಸಲ್ಪಡುತ್ತದೆ. ಉತ್ತಮ ಎಫ್‌ಎಂ ಗ್ರಾಹಕಕ್ಕೆ ಮೈಕ್ರೋವೋಲ್ಟಿನ ಕಾಲಂಶದಷ್ಟಿದ್ದರೆ ಸಾಕೆಂಬುದು ವಿಸ್ಮಯವಲ್ಲವೆ!

ಸಂಕೇತಬಲದ ಮಾಪಕವನ್ನು ನಾನು ಹಳಿಯಲಾರೆ. ಆದರೆ ಅದು ಬಂದ ಅಲೆಯೆಷ್ಟೆಂದು ನುಡಿಯುವುದೇ ಹೊರತು ಬಂದ ಮಾತೆಂತಹುದೆಂದು ನುಡಿಯದು. ಅನ್ಯಕೇಂದ್ರವೊಂದು ಅದೇ ಆವೃತ್ತಿಯಲ್ಲಿ ನುಸುಳಿದರೂ ಅದರ ಮುಳ್ಳು ಹಿಗ್ಗುತ್ತದೆ. ಮೇಲಾಗಿ, ಕಟ್ಟಡಗಳಿಂದ ಪ್ರತಿಫಲಿಸಿದ ಅಲೆಗಳು ಒಂದನ್ನೊಂದು ಅಳಿಸುವುದರಿಂದ, 900 ಮೆಗಾಹರ್ಟ್ಸಿನಲ್ಲಿ ಗೇಣಿಗಿಂತಲೂ ಕಿರಿದಾದ ಅಂತರದಲ್ಲಿ ಬಲವು ಏರಿಳಿಯುತ್ತದೆ. ಆದುದರಿಂದ ರೇಡಿಯೋ ತಂತ್ರಜ್ಞ ವಿಲಿಯಂ ಲೀ ಸೂಚಿಸಿದಂತೆ ಸುಮಾರು 40 ತರಂಗದೂರದ ಸರಾಸರಿಯನ್ನು ತೆಗೆಯುವುದು ರೂಢಿ.

ಇಷ್ಟೆಲ್ಲ ಅಳೆದ ಬಳಿಕವೂ ಅಮೆರಿಕದ ಪೊಲೀಸ್ ಮತ್ತು ಅಗ್ನಿಶಾಮಕ ರೇಡಿಯೋಜಾಲಗಳಲ್ಲಿ ಮನುಷ್ಯರನ್ನೇ ಕೂರಿಸಿ ಮಾತನ್ನು ಕೇಳಿಸಿ ಅಂಕ ಹಾಕಿಸುತ್ತಾರೆ. ಒಂದರಿಂದ ಐದರವರೆಗಿನ ಆ ಶ್ರೇಣಿಯಲ್ಲಿ 3 ಎಂದರೆ ಅಲ್ಪಪ್ರಯತ್ನದಿಂದ ಅರ್ಥವಾಗುವ, ಆದರೆ ಗದ್ದಲದ ದೆಸೆಯಿಂದ ಆಗೊಮ್ಮೆ ಈಗೊಮ್ಮೆ ‘ಇನ್ನೊಮ್ಮೆ ಹೇಳಿ’ ಎನ್ನಬೇಕಾಗುವ ಮಾತು.