ಹಲ್ಲು ನೋಡುವ ಕೈ

ಶಿವರಾತ್ರಿಯ ಹೊತ್ತಿಗೆ ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ರಾಮಲಿಂಗೇಶ್ವರನ ಜಾತ್ರೆಗೆ ದನಗಳು ಕೂಡುತ್ತವೆ. ಬೆಟ್ಟದ ಬುಡದ ಬಯಲಲ್ಲಿ ಹಳ್ಳಿಕಾರ್ ಜೋಡಿಗಳು ಸಾಲುಗಟ್ಟುತ್ತವೆ. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ, ಮುಂದೆ ಹುಲ್ಲಿನ ಕಂತೆ. ದಲ್ಲಾಳಿಯೊಬ್ಬ ಎತ್ತಿನ ಮೂಗುದಾರ ಹಿಡಿದು ತಲೆ ಎತ್ತಿಸುತ್ತಾನೆ, ಕೆಳದುಟಿ ಬಿಡಿಸುತ್ತಾನೆ, ಹೆಬ್ಬೆರಳು ಒಳಗಿಟ್ಟು ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಅರೆಗಳಿಗೆಯಲ್ಲಿ ಹೇಳುತ್ತಾನೆ. ಜೊಲ್ಲು ಹತ್ತಿದ ಕೈಯನ್ನು ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡು ಪಕ್ಕದ ಜೋಡಿಗೆ ಹೋಗುತ್ತಾನೆ. ಬೆಲೆ ಕುದುರಿಸಲು ಬೆರಳು ಹಿಡಿಯುವುದೂ ಅದೇ ಟವೆಲ್ಲಿನ ಮರೆಯಲ್ಲಿ. ಮಧ್ಯಾಹ್ನದೊಳಗೆ ಆ ಕೈ ಎಷ್ಟು ಬಾಯಿಗಳನ್ನು ಹೊಕ್ಕು ಬಂದಿರುತ್ತದೆಯೋ ಲೆಕ್ಕವಿಲ್ಲ.

ಈ ಪರೀಕ್ಷೆಯನ್ನು ಹಗುರವಾಗಿ ಕಾಣುವಂತಿಲ್ಲ. ಹಲ್ಲಿನಿಂದ ವಯಸ್ಸು, ನಡಿಗೆಯಿಂದ ಗೊರಸಿನ ಗಟ್ಟಿತನ, ಕೆಚ್ಚಲಿನ ನರದಿಂದ ಹಾಲಿನ ಅಂದಾಜು, ಸುಳಿಯಿಂದ ಮನೆಗೆ ಆಗಿಬರುವುದೋ ಇಲ್ಲವೋ ಎಂಬ ನಂಬಿಕೆ, ಇಷ್ಟನ್ನೂ ಒಂದು ನೋಟದಲ್ಲಿ ಹಿಡಿಯುವ ವಿದ್ಯೆ ತಲೆಮಾರುಗಳಿಂದ ಬಂದದ್ದು. ಆದರೆ ಅಷ್ಟೆಲ್ಲ ನೋಡುವ ಕಣ್ಣು ಒಂದನ್ನು ನೋಡುವುದಿಲ್ಲ, ಅಷ್ಟೆಲ್ಲ ಕೇಳುವ ಬಾಯಿ ಒಂದನ್ನು ಕೇಳುವುದಿಲ್ಲ: ಈ ದನಕ್ಕೆ ಲಸಿಕೆ ಹಾಕಿದ್ದು ಯಾವಾಗ, ಹೋದ ವಾರ ಇದು ಯಾವ ಸಂತೆಯಲ್ಲಿ ನಿಂತಿತ್ತು, ಇದರ ಊರಿನಲ್ಲಿ ಈಗ ರೋಗವಿದೆಯೇ? ಕಾಲುಬಾಯಿ ಜ್ವರದ ವೈರಾಣು ಇರುವುದೇ ಜೊಲ್ಲಿನಲ್ಲಿ. ನಾಲಿಗೆಯ ಮೇಲೆ ಬೊಬ್ಬೆ ಕಾಣಿಸುವ ಮೊದಲೇ ದನ ಅದನ್ನು ಹೊರಗೆ ಬಿಡತೊಡಗಿರುತ್ತದೆ. ಹಾಗಾಗಿ ದನವನ್ನು ಪರೀಕ್ಷಿಸುವ ಕೈಯೇ ರೋಗವನ್ನು ಸಾಲಿನುದ್ದಕ್ಕೂ ಹಂಚುವ ಕೈಯೂ ಆಗಿಬಿಡಬಹುದು.

ಕೋಲಾರದಲ್ಲಿ ಇದು ಸಣ್ಣ ಮಾತಲ್ಲ. ಚಿನ್ನ, ರೇಷ್ಮೆ, ಹಾಲು ಎಂದು ಹೆಸರು ಪಡೆದ ಜಿಲ್ಲೆ ಇದು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಶ್ರೀನಿವಾಸಪುರದ ಮಾವು ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಒಂದು ವಾರ ಬಂಗಾರ, ಮುಂದಿನ ವಾರ ರಸ್ತೆ ಬದಿಯ ರಾಶಿ. ಇವೆಲ್ಲದರ ನಡುವೆ ತಪ್ಪದೆ ಕೈಗೆ ಬರುವುದು ಡೈರಿಯ ಬಟವಾಡೆ. ಎರಡು ಸೀಮೆಹಸು ಕಟ್ಟಿದ ಮನೆಯಲ್ಲಿ ಮಕ್ಕಳ ಶಾಲೆ ಫೀಸು, ಸ್ತ್ರೀಶಕ್ತಿ ಸಂಘದ ಕಂತು, ಅಂಗಡಿ ಸಾಲ ಎಲ್ಲವೂ ಅದರಿಂದಲೇ ನಡೆಯುತ್ತವೆ. ಅಲ್ಲಿ ಒಂದು ಹಸು ಹೋದರೆ ಅರ್ಧ ಸಂಸಾರವೇ ಹೋದಂತೆ.

2013ರಲ್ಲಿ ಅದೇ ಆಯಿತು. ಆ ವರ್ಷ ಮಳೆಗಾಲದ ನಂತರ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರ ಹಬ್ಬಿತು, ಸಾವಿರಾರು ದನಗಳು ಸತ್ತವು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ನಾಟಿ ದನಕ್ಕೆ ಈ ಜ್ವರ ಬಂದರೆ ನಾಲ್ಕು ದಿನ ಜೊಲ್ಲು ಸುರಿಸಿ, ಕುಂಟಿ, ಸುಧಾರಿಸಿಕೊಳ್ಳುವುದೇ ಹೆಚ್ಚು. ಸೀಮೆಹಸುವಿನ ಪಾಡು ಬೇರೆ. ನಾಲಿಗೆಯ ತೊಗಲು ಕಿತ್ತು ಬರುತ್ತದೆ, ಗೊರಸಿನ ಸಂದು ಹುಣ್ಣಾಗಿ ಹುಳು ಬೀಳುತ್ತದೆ, ಬದುಕಿದರೂ ಹಾಲು ಮೊದಲಿನಂತೆ ಇಳಿಯುವುದಿಲ್ಲ, ಬಿಸಿಲಿಗೆ ಏದುಸಿರು ಬಿಡುತ್ತದೆ. ಕರುಗಳು ಯಾವ ಲಕ್ಷಣವನ್ನೂ ತೋರಿಸದೆ ಎದೆ ಬಡಿತ ನಿಂತು ಸಾಯುತ್ತವೆ. ಜಾತ್ರೆಯಿಂದ ಮರಳುವ ನಾಟಿ ಎತ್ತು ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿಯೇ ಇದ್ದು, ಮನೆಯ ಸೀಮೆಹಸುವಿನ ಪಾಲಿಗೆ ಯಮನಾಗಬಲ್ಲದು ಎಂಬುದನ್ನು ಜಿಲ್ಲೆ ಆ ವರ್ಷ ಕಣ್ಣಾರೆ ಕಂಡಿತು.

ಒಂಬತ್ತು ವರ್ಷಗಳ ನಂತರ ಚರ್ಮಗಂಟು ರೋಗ ಬಂತು. 2019ರಲ್ಲಿ ಒಡಿಶಾದಲ್ಲಿ ದೇಶಕ್ಕೆ ಕಾಲಿಟ್ಟ ಈ ರೋಗ 2022ರಲ್ಲಿ ಕರ್ನಾಟಕದ ಹಲವು ಜಿಲ್ಲೆಗಳನ್ನು ಆವರಿಸಿತು, ಕೋಲಾರವನ್ನೂ ಬಿಡಲಿಲ್ಲ. ಮೈತುಂಬ ಗಂಟು ಎದ್ದ ಹಸುವನ್ನು ನೋಡಿ ಮನೆಯವರು ಹಾಲು ಕುಡಿಯಲೂ ಹೆದರಿದರು. ಮನುಷ್ಯರಿಗೆ ಅದು ಅಂಟುವುದಿಲ್ಲ. ಆಡಳಿತ ಮಾಡಿದ್ದು ಮುಖ್ಯವಾಗಿ ಮೂರು ಕೆಲಸ: ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿಸಿತು, ದನಗಳ ಜಾತ್ರೆ, ಸಂತೆ, ಸಾಗಾಟವನ್ನು ತಡೆಯಿತು, ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಕೊಟ್ಟಿತು.

ಈ ಮೂರನ್ನೂ ಬೇರೆಬೇರೆಯಾಗಿಯೇ ತೂಗಿ ನೋಡಬೇಕು.

ಜಾತ್ರೆ ನಿಲ್ಲಿಸಿದ್ದು ತಪ್ಪಲ್ಲ. ನೂರಾರು ಊರಿನ ದನ ಒಂದು ಬಯಲಲ್ಲಿ ಉಸಿರಾಡಿ, ಒಂದೇ ತೊಟ್ಟಿಯಲ್ಲಿ ನೀರು ಕುಡಿದು, ನೂರಾರು ಊರಿಗೆ ಮರಳುವುದನ್ನು ರೋಗದ ಕಾಲದಲ್ಲಿ ಯಾರೂ ಒಪ್ಪಲಾರರು. ಆದರೆ ಜಾತ್ರೆ ವರ್ಷಕ್ಕೊಮ್ಮೆ, ಸಂತೆ ವಾರಕ್ಕೊಮ್ಮೆ, ಮನೆ ವ್ಯಾಪಾರವೋ ದಿನವೂ ನಡೆಯುವಂಥದ್ದು. ಹಾಲು ಬತ್ತಿದ ಹಸುವನ್ನು ಕೊಟ್ಟು ಕರು ಹಾಕಿದ ಹಸುವನ್ನು ತರಲು ರೈತ ಜಾತ್ರೆಗಾಗಿ ಕಾಯುವುದಿಲ್ಲ. ದಲ್ಲಾಳಿಗೆ ಫೋನು ಮಾಡುತ್ತಾನೆ, ಸಂಜೆಯೊಳಗೆ ಟೆಂಪೊ ಬರುತ್ತದೆ. ಮುಳಬಾಗಿಲಿನಿಂದ ನಂಗಲಿ ದಾಟಿದರೆ ಆಂಧ್ರ, ಶ್ರೀನಿವಾಸಪುರದ ಬೆನ್ನಿಗೇ ಮದನಪಲ್ಲಿ, ಮಾಲೂರಿನ ಪಕ್ಕದಲ್ಲೇ ಹೊಸೂರು. ಮೂರು ರಾಜ್ಯಗಳ ದನ, ಮೂರು ರಾಜ್ಯಗಳ ದಲ್ಲಾಳಿಗಳು, ಹೆದ್ದಾರಿಯ ಜೊತೆಗೆ ಲೆಕ್ಕವಿಲ್ಲದಷ್ಟು ಹಳ್ಳಿ ದಾರಿಗಳು. ಜಾತ್ರೆ ನಿಂತ ಮಾತ್ರಕ್ಕೆ ವ್ಯಾಪಾರ ನಿಲ್ಲುವುದಿಲ್ಲ. ಎಲ್ಲರ ಕಣ್ಣೆದುರು, ಪಶುವೈದ್ಯರು ಒಂದು ಶಾಮಿಯಾನ ಹಾಕಿ ಕೂರಬಹುದಾಗಿದ್ದ ಕಡೆಯಿಂದ ಅದು ಯಾರ ಕಣ್ಣಿಗೂ ಬೀಳದ ಹಿತ್ತಿಲಿಗೆ ಸರಿಯುತ್ತದೆ. ತಡೆಯ ದೊಡ್ಡ ಕೊರತೆ ಇದು. ಕಾಣುವುದನ್ನು ಮುಚ್ಚಿತು, ಕಾಣದ್ದನ್ನು ಹಾಗೇ ಬಿಟ್ಟಿತು.

ದನ ಓಡಾಡುವ ವೇಗವೇ ರೋಗದ ವೇಗ ಎಂಬುದಕ್ಕೆ ಬ್ರಿಟನ್ನಿನ 2001ರ ಅನುಭವಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಫೆಬ್ರುವರಿಯಲ್ಲಿ ಹೆಕ್ಸಮ್ ಎಂಬ ಊರಿನ ಸಂತೆಗೆ ಸೋಂಕು ತಗುಲಿದ ಕುರಿಗಳು ಬಂದವು. ಕಾಲುಬಾಯಿ ಜ್ವರ ಪತ್ತೆಯಾಗಿ, ಸರ್ಕಾರ ದೇಶದಾದ್ಯಂತ ಸಾಗಾಟ ನಿಲ್ಲಿಸುವ ಹೊತ್ತಿಗೆ ದಲ್ಲಾಳಿಗಳ ಲಾರಿಗಳಲ್ಲಿ ಅದು ಹತ್ತಾರು ಕಡೆ ತಲುಪಿಯಾಗಿತ್ತು. ಕೊನೆಗೆ 2,026 ಕಡೆ ರೋಗ ಖಚಿತವಾಯಿತು, 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಅಲ್ಲಿಂದ ಕಲಿತ ಪಾಠವನ್ನು ಅವರು ಒಂದು ಸರಳ ನಿಯಮವಾಗಿಸಿದರು: ಹೊಸ ದನ ಕೊಟ್ಟಿಗೆಗೆ ಬಂದ ಮೇಲೆ ಆರು ದಿನ ಆ ಕೊಟ್ಟಿಗೆಯಿಂದ ದನ ಹೊರಗೆ ಮಾರಾಟಕ್ಕೆ ಹೋಗುವಂತಿಲ್ಲ. ಸಂತೆಯಿಂದ ಸಂತೆಗೆ ಜಿಗಿಯುವ ವ್ಯಾಪಾರಕ್ಕೆ ಹಾಕಿದ ಲಗಾಮು ಅದು. ಜಾತ್ರೆ ಮುಚ್ಚುವ ಆದೇಶಕ್ಕಿಂತ ಹೆಚ್ಚು ಯೋಚನೆ ಅದರಲ್ಲಿದೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕಾಗಿ ಸಂಸತ್ತು 2009ರಲ್ಲೇ ಕಾಯ್ದೆ ಮಾಡಿದೆ. ರೋಗದ ಗುಮಾನಿ ಬಂದ ಕೂಡಲೇ ದನದ ಮಾಲೀಕ ಗ್ರಾಮದ ಅಧಿಕಾರಿಗೋ ಪಂಚಾಯಿತಿಗೋ ತಿಳಿಸಬೇಕು, ರೋಗವಿದೆ ಎಂದು ಗೊತ್ತಿರುವ ದನವನ್ನು ಸಂತೆಗೆ, ಜಾತ್ರೆಗೆ ತರಕೂಡದು ಎಂದು ಅದರಲ್ಲಿದೆ. ಓದಲು ಒಳ್ಳೆಯ ಕಾಯ್ದೆ. ಆದರೆ ಹಳ್ಳಿಯಲ್ಲಿ ಅದರ ಹೆಸರು ಕೇಳಿದವರು ಅಪರೂಪ. ಅದಕ್ಕಿಂತ ಮುಖ್ಯವಾಗಿ, ಹೇಳಿಕೊಂಡವನಿಗೆ ಸಿಗುವುದೇನು? ಹಸು ಸತ್ತರೆ ಪರಿಹಾರವಿದೆ. ಜ್ವರ ಬಂದ ಹಸುವನ್ನು ಮಾರದೆ, ಹಾಲಿಲ್ಲದೆ, ಮೇವು ಹಾಕಿ ತಿಂಗಳುಗಟ್ಟಲೆ ಕಟ್ಟಿಕೊಂಡವನಿಗೆ ಚಿಕ್ಕಾಸೂ ಇಲ್ಲ. ಕೊಟ್ಟಿಗೆಯಲ್ಲಿ ಮೊದಲ ಹಸು ಜೊಲ್ಲು ಸುರಿಸಿದ ರಾತ್ರಿ, ಉಳಿದವನ್ನು ಬೆಳಗಾಗುವುದರೊಳಗೆ ಸಾಗಹಾಕುವುದೇ ಜಾಣತನ ಎಂದು ರೈತನಿಗೆ ತೋರುತ್ತದೆ. ಅವನನ್ನು ಬೈದು ಫಲವಿಲ್ಲ. ಒಂದು ಊರಿನ ರೋಗ ಆ ಊರಲ್ಲೇ ನಿಲ್ಲಬೇಕಾದರೆ, ಮಾರದೆ ಉಳಿಸಿಕೊಂಡವನಿಗೆ ಮೇವಿನ ನೆರವು ಸಿಗಬೇಕು. ಸಾವಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ತಡೆಗೆ ಕೊಟ್ಟರೂ ಲಾಭವೇ.

ಲಸಿಕೆಯ ವಿಷಯದಲ್ಲಿ ಮೆಚ್ಚುಗೆ ಹೇಳಲೇಬೇಕು. 2019ರಲ್ಲಿ ಕೇಂದ್ರ ಸರ್ಕಾರ 13,343 ಕೋಟಿ ರೂಪಾಯಿಯ ಕಾರ್ಯಕ್ರಮ ಶುರುಮಾಡಿ, ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರಕ್ಕೆ ಲಸಿಕೆ, ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಗಬ್ಬ ಕಳೆಯುವ ಕಂದು ರೋಗದ ಲಸಿಕೆ ಹಾಕಿಸುತ್ತಿದೆ. ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಬೆಳಗಿನ ಹಾಲು ಕರೆಯುವ ಹೊತ್ತಿಗೇ ಮನೆಮನೆ ಸುತ್ತುವ ಇಲಾಖೆಯ ನೌಕರರ ದುಡಿಮೆ ದೊಡ್ಡದು. ‘ಚುಚ್ಚಿಸಿದರೆ ಎರಡು ದಿನ ಹಾಲು ಕಮ್ಮಿ ಆಗುತ್ತೆ’ ಎಂದು ಹಸುವನ್ನು ತೋಟದತ್ತ ಅಟ್ಟುವ ಮನೆಗಳು ಇಂದಿಗೂ ಇವೆ. ಎರಡು ದಿನದ ಎರಡು ಲೀಟರು ಉಳಿಸಲು ಹೋಗಿ ಹಸುವನ್ನೇ ಕಳೆದುಕೊಂಡವರ ಲೆಕ್ಕ 2013ರಲ್ಲಿ ಸಿಕ್ಕಿತ್ತು.

ಲಸಿಕೆಯ ಜೊತೆ ಕಿವಿಗೆ ಹಾಕುವ ಹಳದಿ ಓಲೆಯಲ್ಲಿ 12 ಅಂಕಿಯ ಸಂಖ್ಯೆ ಇದೆ. ಯಾವ ದನಕ್ಕೆ ಯಾವ ದಿನ ಲಸಿಕೆಯಾಯಿತು ಎಂಬುದು ಆ ಸಂಖ್ಯೆಯ ಮೇಲೆ ದಾಖಲಾಗುತ್ತದೆ. ವ್ಯಾಪಾರದ ಹೊತ್ತಲ್ಲಿ ಯಾರೂ ಕೇಳದ ಪ್ರಶ್ನೆಗೆ ಉತ್ತರ ದನದ ಕಿವಿಯಲ್ಲೇ ತೂಗಾಡುತ್ತಿದೆ! ಹಲ್ಲು ಎಣಿಸುವಷ್ಟೇ ಶ್ರದ್ಧೆಯಿಂದ ಆ ಅಂಕಿಗಳನ್ನು ಓದಿ, ಪಶು ಆಸ್ಪತ್ರೆಗೆ ಒಂದು ಫೋನು ಮಾಡುವ ಅಭ್ಯಾಸ ಬರಬೇಕು. ಜಾತ್ರೆಯ ಬಾಗಿಲಲ್ಲಿ ಚುಚ್ಚಿ ಒಳಗೆ ಬಿಡುವುದರಿಂದ ಉಪಯೋಗವಿಲ್ಲ. ಲಸಿಕೆಯ ಬಲ ಮೈಗೂಡಲು ಎರಡು ಮೂರು ವಾರ ಬೇಕು. ಅಷ್ಟು ಮೊದಲೇ ಹಾಕಿಸಿದ್ದಕ್ಕೆ ದಾಖಲೆ ಇದ್ದರೆ ಮಾತ್ರ ಪ್ರವೇಶ ಎಂದಾಗಬೇಕು.

ಕಂದು ರೋಗದ ಮಾತು ಇನ್ನೂ ಗುಟ್ಟಿನದು. ಆರೇಳು ತಿಂಗಳ ಗಬ್ಬದ ಹಸು ಕಂದು ಹಾಕಿದರೆ ಮಾಲೀಕ ಅದನ್ನು ಯಾರಿಗೂ ಹೇಳದೆ ದಾಟಿಸಲು ನೋಡುತ್ತಾನೆ. ಕೊಂಡವನಿಗೆ ತಿಳಿಯುವುದು ತನ್ನ ಕೊಟ್ಟಿಗೆಯ ಹಸುಗಳೂ ಒಂದೊಂದಾಗಿ ಕಂದು ಹಾಕಿದಾಗ. ಕಂದನ್ನು, ಸತ್ತೆಯನ್ನು ಬರಿಗೈಯಲ್ಲಿ ಎಳೆದುಹಾಕಿದ ಹೆಂಗಸರಿಗೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಅಂಟುತ್ತದೆ. ಊರಿನ ಹಾಲೆಲ್ಲ ಡೈರಿಯಲ್ಲಿ ಒಂದೇ ಕ್ಯಾನಿಗೆ ಬೀಳುವುದರಿಂದ, ಆ ಕ್ಯಾನಿನ ಒಂದಿಷ್ಟು ಹಾಲನ್ನು ಪರೀಕ್ಷಿಸಿದರೆ ಊರಲ್ಲಿ ರೋಗದ ಸುಳಿವಿದೆಯೇ ಎಂದು ಹಿಡಿಯಬಹುದು. ಕೊಬ್ಬಿನ ಅಂಶಕ್ಕೆ ದಿನಕ್ಕೆ ಎರಡು ಬಾರಿ ಹಾಲು ಪರೀಕ್ಷಿಸುವ ವ್ಯವಸ್ಥೆಗೆ ವರ್ಷಕ್ಕೆ ಎರಡು ಬಾರಿ ಇದನ್ನೂ ಮಾಡಿಸುವುದು ಹೊರೆಯಾಗದು.

ಇಷ್ಟಾದರೂ ಕಡೆಯ ಬಾಗಿಲು ಕೊಟ್ಟಿಗೆಯದೇ. ಹೊಸ ಹಸು ಮನೆಗೆ ಬಂದ ಸಂಜೆಯನ್ನು ನೆನೆಯಿರಿ. ಟೆಂಪೊದಿಂದ ಇಳಿಸುತ್ತಾರೆ, ಮನೆಯಾಕೆ ಚೊಂಬಿನಲ್ಲಿ ನೀರು ತಂದು ಕಾಲಿಗೆ ಹಾಕುತ್ತಾಳೆ, ಹಣೆಗೆ ಅರಿಶಿನ ಕುಂಕುಮ ಇಡುತ್ತಾಳೆ, ಬೆಲ್ಲ ತಿನ್ನಿಸುತ್ತಾಳೆ. ಚೆಂದದ ಸ್ವಾಗತ. ಮರುಗಳಿಗೆಗೆ ಅದನ್ನು ಹಳೆಯ ಹಸುಗಳ ಪಕ್ಕದಲ್ಲೇ ಕಟ್ಟಿ, ಒಂದೇ ಗೋದಲಿಗೆ ಹುಲ್ಲು ಹಾಕಿ, ಒಂದೇ ಬಾನಿಯ ಕಲಗಚ್ಚು ಕುಡಿಸುತ್ತಾರೆ. ಜಾತ್ರೆ ನಿಷೇಧಿಸಿದ ಜಿಲ್ಲಾಡಳಿತದ ಶ್ರಮವೆಲ್ಲ ಆ ಬಾನಿಯಲ್ಲಿ ಮುಳುಗುತ್ತದೆ. ಕಾಲುಬಾಯಿ ಜ್ವರ ಹೊರಬೀಳಲು ಎರಡು ವಾರದವರೆಗೆ, ಚರ್ಮಗಂಟಿಗೆ ನಾಲ್ಕು ವಾರದವರೆಗೆ ಹಿಡಿಯಬಹುದು. ಅಷ್ಟು ದಿನ ಹೊಸದನ್ನು ಹಿತ್ತಿಲ ಇನ್ನೊಂದು ತುದಿಯ ಹುಣಸೆ ಮರಕ್ಕೋ ಹೊಂಗೆ ಮರಕ್ಕೋ ಕಟ್ಟಿ, ಬೇರೆ ಬಕೆಟ್ಟು, ಬೇರೆ ಹುಲ್ಲು ಇಟ್ಟು, ಹಳೆಯವನ್ನು ಕರೆದ ಮೇಲೆ ಕೊನೆಗೆ ಅದನ್ನು ಕರೆದರೆ ಆಯಿತು. ಹತ್ತು ಗುಂಟೆ ಇದ್ದವನಿಗೂ ಇದು ಆಗುವ ಕೆಲಸ. ಲೀಟರು ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಬೆರೆಸಿದರೆ ಗೊರಸು, ಟೆಂಪೊ, ಹಗ್ಗ, ದಲ್ಲಾಳಿಯ ಕೈ ಎಲ್ಲವನ್ನೂ ತೊಳೆಯಲು ಸಾಕು. ಈ ಮಾತನ್ನು ಜಿಲ್ಲೆಯ ಪ್ರತಿ ಡೈರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸುವ ಖರ್ಚು ಎಷ್ಟು ಮಹಾ?

ಆಗದ ಕೆಲಸ ಎಂದು ಕೈಚೆಲ್ಲುವವರಿಗೆ ದೊಡ್ಡರೋಗದ ಕಥೆ ಹೇಳಬೇಕು. ಒಂದು ಕಾಲಕ್ಕೆ ಊರಿಗೆ ಊರೇ ಕೊಟ್ಟಿಗೆ ಬರಿದು ಮಾಡಿ, ನೇಗಿಲಿಗೆ ಎತ್ತಿಲ್ಲದಂತೆ ಮಾಡಿದ್ದ ರೋಗ ಅದು. ಅದಕ್ಕೆ ಸೀರಂ ತಯಾರಿಸಲೆಂದೇ 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸೀರಂ ಸಂಸ್ಥೆ ಕಟ್ಟಿತು, ಹೆಬ್ಬಾಳದಲ್ಲಿ ಅದು ಇಂದಿಗೂ ಲಸಿಕೆ ತಯಾರಿಸುತ್ತಿದೆ. ದೇಶದಲ್ಲಿ ದೊಡ್ಡರೋಗ ಕಡೆಯದಾಗಿ ಕಂಡದ್ದು 1995ರಲ್ಲಿ, ಕೋಲಾರಕ್ಕೆ ಹೆಚ್ಚು ದೂರವಲ್ಲದ ತಮಿಳುನಾಡಿನ ಉತ್ತರ ಆರ್ಕಾಟಿನಲ್ಲಿ. 2011ರಲ್ಲಿ ಜಗತ್ತಿನಿಂದಲೇ ಅದು ತೊಲಗಿತೆಂದು ಘೋಷಣೆಯಾಯಿತು. ಒಂದು ಲಸಿಕೆ ಜೀವಮಾನಕ್ಕೆ ಸಾಕಾಗುತ್ತಿದ್ದ ಅನುಕೂಲ ಆ ರೋಗಕ್ಕಿತ್ತು, ಕಾಲುಬಾಯಿ ಜ್ವರಕ್ಕಿಲ್ಲ. ಅದಕ್ಕೇ ಇಲ್ಲಿ ಕೊಟ್ಟಿಗೆಯ ಎಚ್ಚರ ಇನ್ನಷ್ಟು ಬೇಕು.

ಮುಂದಿನ ಶಿವರಾತ್ರಿಗೆ ಆವಣಿಯಲ್ಲಿ ಜೋಡಿ ಕೊಳ್ಳುವವರು ಹಲ್ಲು ನೋಡಲಿ, ಸುಳಿ ನೋಡಲಿ. ಅದರ ಜೊತೆಗೆ ಕಿವಿಯ ಓಲೆಯ ಸಂಖ್ಯೆ ಬರೆದುಕೊಳ್ಳಲಿ, ಮಾರುವವನ ಊರಿನಲ್ಲಿ ದನಗಳು ಹೇಗಿವೆ ಎಂದು ಕೇಳಲಿ, ತಂದದ್ದನ್ನು ನಾಲ್ಕು ವಾರ ಬೇರೆ ಕಟ್ಟಲಿ. ಈ ನಡುವೆ ಜ್ವರವೋ ಜೊಲ್ಲೋ ಗಂಟೋ ಕಂಡರೆ ಪಶು ಸಂಜೀವಿನಿಯ ಫೋನ್ ಸಂಖ್ಯೆ 1962.