ಗುಜರಿಯ ಹಿತ್ತಾಳೆ ಸ್ಟೌವ್

ಹಿರಿಯೂರು, ಹೊಳಲ್ಕೆರೆ ಕಡೆಯ ಗುಜರಿ ಅಂಗಡಿಯಲ್ಲಿ ಹಳೆಯ ಹಿತ್ತಾಳೆ ಪಂಪ್ ಸ್ಟೌವ್ ಕಣ್ಣಿಗೆ ಬಿದ್ದರೆ, ಕರಗಿಸಲು ಹೋಗುವ ಮುನ್ನ ಎತ್ತಿಕೊಳ್ಳಿ. ಮೊದಲು ಟ್ಯಾಂಕಿನ ತಳ ನೋಡಬೇಕು. ಬೆಸುಗೆ ಬಿಟ್ಟಿದ್ದರೆ ಅದು ಶೋಕೇಸಿಗಷ್ಟೇ. ಪಂಪು ಒತ್ತಿದರೂ ಗಾಳಿ ಹಿಡಿಯದಿದ್ದರೆ ಸಾಮಾನ್ಯವಾಗಿ ಒಳಗಿನ ಚರ್ಮದ ವಾಷರ್ ಒಣಗಿ ಮುದುಡಿರುತ್ತದೆ. ಎಣ್ಣೆಯಲ್ಲಿ ನೆನೆಸಿ, ಅದರ ಅಂಚನ್ನು ಬೆರಳಿನಿಂದ ಅಗಲಿಸಿದರೆ ಮತ್ತೆ ಕೊಳವೆಯ ಗೋಡೆಗೆ ಕಚ್ಚಿಕೊಳ್ಳುತ್ತದೆ. ನಿಪ್ಪಲಿನ ಕೂದಲೆಳೆಯಷ್ಟು ತೂತಿಗೆ ಪಿನ್ನು, ಮೈಗೆ ಹುಣಸೆಹಣ್ಣು.

ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಉಪಾಯವಿದು: ಸೀಮೆಎಣ್ಣೆ ಬರ್ನರಿನಲ್ಲೇ ಕಾದು ಆವಿಯಾಗಿ, ಬತ್ತಿಯಿಲ್ಲದೆ ನೀಲಿಯಾಗಿ ಉರಿಯುತ್ತದೆ. ಭೋರೆನ್ನುವ ಆ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ಮುದ್ದೆಗೆ ಎಸರಿಡಲು ನನಗಂತೂ ಗ್ಯಾಸಿಗಿಂತ ಇದೇ ಸೈ. ಸೀಮೆಎಣ್ಣೆ ಸಿಗುವುದೇ ಕಷ್ಟ, ಅದು ಬೇರೆ ಮಾತು.