ಕ್ಷಾರದ ನಾಡಿ

ಪಿಯುಸಿಯಲ್ಲಿ ವಿಜ್ಞಾನ ಓದಿದವರು ಎಷ್ಟೆಲ್ಲ ಮರೆತರೂ ಟೈಟ್ರೇಷನ್ ಮರೆಯುವುದಿಲ್ಲ. ಬ್ಯೂರೆಟ್ಟಿನಿಂದ ಆಮ್ಲ ತೊಟ್ಟಿಕ್ಕುತ್ತಿರುತ್ತದೆ, ಕೈ ಫ್ಲಾಸ್ಕನ್ನು ಆಡಿಸುತ್ತಿರುತ್ತದೆ. ತೊಟ್ಟು ಬಿದ್ದ ಜಾಗದಲ್ಲಿ ಬಣ್ಣ ಹೊರಳಿ, ಅಷ್ಟರಲ್ಲೇ ಕರಗಿಹೋಗುತ್ತದೆ. ಹಾಗೆ ಮೂಡಿ ಮುಳುಗಿ ಕಾಯಿಸಿದ ಮೇಲೆ ಯಾವುದೋ ಒಂದು ತೊಟ್ಟಿಗೆ ಇಡೀ ನೀರು ಬಣ್ಣ ಬದಲಿಸಿ ಅಲ್ಲೇ ನಿಲ್ಲುತ್ತದೆ. ಸಮುದ್ರದ ಅಕ್ವೇರಿಯಂ ಸಾಕುವವರಿಗೆ ಈ ಸುಖ ಅಡುಗೆಮನೆಯ ಕಟ್ಟೆಯ ಮೇಲೆಯೇ ಸಿಗುತ್ತದೆ: ಚಿಕ್ಕ ಗಾಜಿನ ಶೀಶೆಯಲ್ಲಿ ತೊಟ್ಟಿಯ ನೀರು, ಸಿರಿಂಜಿನಲ್ಲಿ ಆಮ್ಲ, ನೀಲಿಹಸುರು ಕಳೆದು ಕಿತ್ತಳೆಗುಲಾಬಿಗೆ ತಿರುಗುವ ಆ ಗಳಿಗೆ. ಈಗ ಇದನ್ನು ಹಗಲೂ ರಾತ್ರಿ ತಾನೇ ಮಾಡುವ ಯಂತ್ರಗಳು ಬಂದಿವೆ. ಅವುಗಳಲ್ಲಿ ಒಂದನ್ನು ಆರಿಸುವಷ್ಟರಲ್ಲಿ ನಾನು ನೀರನ್ನು ಹೊಸದಾಗಿ ನೋಡಲು ಕಲಿತೆ.

ನಾವಿರುವ ಸೋಲದೇವನಹಳ್ಳಿಗೆ ನೀರಿನ ವಿಷಯ ಹೊಸದಲ್ಲ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಕೆರೆ ಕಟ್ಟಿ ಬೆಂಗಳೂರಿಗೆ ಕೊಳಾಯಿ ನೀರು ಕೊಡಲು ಹೊರಟಾಗ, ಕೆರೆಯಿಂದ ಇಳಿಜಾರಿನಲ್ಲಿ ಹರಿದು ಬಂದ ನೀರನ್ನು ಮೇಲೆತ್ತಿ ಊರಿನತ್ತ ನೂಕಿದ್ದು ಇಲ್ಲಿಯ ಪಂಪಿಂಗ್ ಸ್ಟೇಷನ್ನು. ನೀರು ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ಸ್‌ನಲ್ಲಿ ಸೋಸಿಕೊಂಡು ಮನೆಗಳನ್ನು ಸೇರುತ್ತಿತ್ತು. ಇಂದು ನಮ್ಮ ಓಣಿಯವರು ನೆಚ್ಚಿರುವುದು ಬೋರ್‌ವೆಲ್ಲನ್ನು. ಆ ನೀರು ಗಡಸು. ಗೀಸರ್ ಬಿಚ್ಚಿದರೆ ಕಾಯಿಲ್ ಮೇಲೆ ಬಿಳಿ ಹೊಪ್ಪಳೆ ಕಟ್ಟಿರುತ್ತದೆ. ಆ ಹೊಪ್ಪಳೆಯ ಮುಖ್ಯ ಪದಾರ್ಥ ಕ್ಯಾಲ್ಸಿಯಂ ಕಾರ್ಬೊನೇಟ್. ಹವಳ ತನ್ನ ಮನೆ ಕಟ್ಟಿಕೊಳ್ಳುವುದೂ ಅದರಿಂದಲೇ. ಹಾಗೆಂದು ಬೋರ್‌ವೆಲ್ ನೀರನ್ನು ನೇರ ತೊಟ್ಟಿಗೆ ಸುರಿಯುವಂತಿಲ್ಲ. ನೈಟ್ರೇಟು, ತಾಮ್ರ, ಇನ್ನೇನೇನು ಜೊತೆಗೆ ಬಂದೀತೋ! ಆರ್‌ಒ ಪೊರೆ ದಾಟಿಸಿ, ಮೇಲೆ ಡಿಐ ರಾಳದಲ್ಲಿ ಸೋಸಿ, ನೀರನ್ನು ಬರಿದು ಮಾಡಿ, ಆಮೇಲೆ ಲೀಟರಿಗೆ ಸುಮಾರು 35 ಗ್ರಾಂ ಲವಣ ಬೆರೆಸಬೇಕು. ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರ್ ಎತ್ತರದಲ್ಲಿ, ಬಕೆಟ್ಟಿನೊಳಗೆ, ಕಡಲು ಹೀಗೆ ತಯಾರಾಗುತ್ತದೆ.

ಈ ಕಡಲಿನಲ್ಲಿ ಅಳೆಯಬೇಕಾದದ್ದು ಬಹಳ. ಸಹಜ ಸಮುದ್ರದಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 410 ಮಿಲಿಗ್ರಾಂ, ಮ್ಯಾಗ್ನೀಷಿಯಂ 1,300ರ ಹತ್ತಿರ, ಕ್ಷಾರತೆ, ಅಂದರೆ ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿ, ಡಿಕೆಎಚ್ ಎಂಬ ಡಿಗ್ರಿಗಳಲ್ಲಿ ಏಳರ ಆಸುಪಾಸು. ಮೂರನ್ನೂ ಅಳೆಯುವ ಯಂತ್ರವೇ ಉತ್ತಮ ಎಂದು ಮೊದಲು ಯಾರಿಗಾದರೂ ಅನ್ನಿಸುತ್ತದೆ. ನನ್ನ ಅಕ್ಕನ ಮಗನೂ ಅದನ್ನೇ ಹೇಳಿದ: “ಮಾಮ, ದುಡ್ಡು ಹಾಕೋದು ಹೇಗೂ ಹಾಕ್ತೀರಿ, ಎಲ್ಲಾ ಅಳೆಯೋದನ್ನೇ ತಗೊಳ್ಳಿ.” ಲೆಕ್ಕ ಹಾಕಿ ನೋಡಿದಾಗ ಬೇರೆಯೇ ಕಂಡಿತು. ಹವಳ ಸುಣ್ಣ ಕಟ್ಟುವಾಗ ಕ್ಷಾರತೆ ಒಂದು ಡಿಗ್ರಿ ಇಳಿದರೆ, ಅದೇ ಕೆಲಸಕ್ಕೆ ಖರ್ಚಾಗುವ ಕ್ಯಾಲ್ಸಿಯಂ ಲೀಟರಿಗೆ ಏಳು ಮಿಲಿಗ್ರಾಂ ಮಾತ್ರ. ನಮ್ಮ ತೊಟ್ಟಿಯ ಎಂಟು ಡಿಗ್ರಿಯಲ್ಲಿ ಒಂದು ಹೋದರೆ ಎಂಟನೆಯ ಒಂದು ಪಾಲು ಹೋಯಿತು. ನಾನೂರ ಹತ್ತರಲ್ಲಿ ಏಳು ಹೋದರೆ ನೂರಕ್ಕೆ ಎರಡೂ ಆಗಲಿಲ್ಲ. ತೊಟ್ಟಿಯೊಳಗಿನ ಜೀವ ಏನು ಮಾಡುತ್ತಿದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳುವುದು ಕ್ಷಾರತೆ. ನಾಡಿ ಹಿಡಿಯಬೇಕಾದದ್ದು ಅಲ್ಲಿ. ಕ್ಯಾಲ್ಸಿಯಂ, ಮ್ಯಾಗ್ನೀಷಿಯಂಗಳನ್ನು ಬಿಡುವಾದಾಗ ಕೈಯಲ್ಲೇ ನೋಡಿಕೊಳ್ಳಬಹುದು.

ಆಯ್ಕೆಯ ಇನ್ನೊಂದು ಅರ್ಧವನ್ನು ನಮ್ಮ ಕಾನೂನು ಮಾಡಿಕೊಟ್ಟಿದೆ, ಅದರ ಬಗ್ಗೆ ನನಗೆ ಗೌರವವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲ ಸೇರಿದವು. ಕರಿಹವಳ, ಬೆಂಕಿಹವಳ, ಸಮುದ್ರದ ಬೀಸಣಿಗೆಗಳೂ ಸೇರಿದವು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಸುತ್ತ ಮುಳುಗಿದವರು ಕಂಡ ಹವಳ ಅಲ್ಲಿಯೇ ಇರತಕ್ಕದ್ದು. ನಮ್ಮ ತೊಟ್ಟಿಯಲ್ಲಿರುವ ಕಲ್ಲು ಕುಲುಮೆಯಲ್ಲಿ ಸುಟ್ಟ ಸೆರಾಮಿಕ್. ಅದರ ಮೇಲೆ ಮಶ್ರೂಮ್‌ಗಳು, ಜೋವಾಂಥಿಡ್‌ಗಳು, ಒಂದು ಲೆದರ್: ಎಲುಬಿಲ್ಲದ ಮೆತ್ತನೆಯ ಜಾತಿಗಳು. ಜೊತೆಗೆ, ಕಲ್ಲಿನ ಮೇಲೂ ಹಿಂಬದಿಯ ಗಾಜಿನ ಮೇಲೂ ತಾನಾಗಿ ಹಬ್ಬಿದ ನೇರಳೆಗುಲಾಬಿ ಸುಣ್ಣಪಾಚಿ. ನಮ್ಮಲ್ಲಿ ಕ್ಷಾರ ತಿನ್ನುವುದು ಹೆಚ್ಚಾಗಿ ಈ ಪಾಚಿಯೇ. ದಿನಕ್ಕೆ ಅದು ತಿನ್ನುವುದು ಅತ್ಯಲ್ಪ. ಆದ್ದರಿಂದ ನನಗೆ ಬೇಕಾದದ್ದು ಸಣ್ಣ ವ್ಯತ್ಯಾಸವನ್ನು ಪ್ರತಿಸಲವೂ ಒಂದೇ ರೀತಿ ಹಿಡಿಯಬಲ್ಲ ಯಂತ್ರ. ನಿಜವಾದ ಅಂಕಿ 7.8 ಇದ್ದು ಯಂತ್ರ ಯಾವಾಗಲೂ 8 ಎಂದರೆ ಬಾಧಕವಿಲ್ಲ, ಆ ಅಂತರ ಗೊತ್ತಿದ್ದರೆ ಆಯಿತು. ಒಮ್ಮೆ 7.5, ಇನ್ನೊಮ್ಮೆ 8.3 ಎಂದು ಜಿಗಿದಾಡುವ ಯಂತ್ರ ಎಷ್ಟು ಚೆಂದವಿದ್ದರೂ ನನಗೆ ಬೇಡ.

ಹಾಗಂತ ಚೆಂದದ ಯಂತ್ರಗಳನ್ನು ಮನಸಾರೆ ನೋಡದೆ ಬಿಡಲಿಲ್ಲ. ಕ್ಯಾಲಿಫೋರ್ನಿಯಾದ ನೆಪ್ಚೂನ್ ಸಿಸ್ಟಮ್ಸ್‌ನವರ ಟ್ರೈಡೆಂಟ್ 2019ರಲ್ಲಿ ಬಂತು. ದಿನಕ್ಕೆ ನಾಲ್ಕು ಸಲ ಕ್ಷಾರತೆ, ಎರಡು ಸಲ ಕ್ಯಾಲ್ಸಿಯಂ, ಮ್ಯಾಗ್ನೀಷಿಯಂ ಅಳೆಯುತ್ತದೆ. ಬಣ್ಣ ತಿರುಗುವ ಗಳಿಗೆಯನ್ನು ಕಣ್ಣಿನ ಬದಲು ಬೆಳಕಿನ ಸೆನ್ಸರ್ ಹಿಡಿಯುತ್ತದೆ. ಕಲ್ಲುಹವಳ ತುಂಬಿದ ತೊಟ್ಟಿಗಳಿರುವ ದೇಶಗಳಲ್ಲಿ ಅದಕ್ಕೆ ಸಲ್ಲುವ ಮನ್ನಣೆ ನ್ಯಾಯವಾದದ್ದೇ. ಆದರೆ ಅದೇ ಕಂಪನಿಯ ಏಪೆಕ್ಸ್ ನಿಯಂತ್ರಕವಿಲ್ಲದೆ ಅದು ನಡೆಯದು; ಅದರದೇ ರಿಏಜೆಂಟ್ ಬಾಟಲಿಗಳು ಸುಮಾರು ಎರಡು ತಿಂಗಳಿಗೊಮ್ಮೆ ಖಾಲಿಯಾಗುತ್ತವೆ. ಕಸ್ಟಮ್ಸ್ ದಾಟಿ ಬರುವ ಬಾಟಲಿಗಾಗಿ ಕಾಯುತ್ತ ಯಂತ್ರವನ್ನು ಸುಮ್ಮನೆ ಕೂರಿಸಲು ನನಗೆ ಮನಸ್ಸಿಲ್ಲ. ಕೈತಪಾಸಣೆಯ ಕಿಟ್ಟುಗಳ ರಿಏಜೆಂಟನ್ನೇ ತುಂಬಿಸಿಕೊಳ್ಳುವ ರೀಫ್‌ಬಾಟ್‌ನ ಆಲೋಚನೆ ಜಾಣತನದ್ದು. ಜರ್ಮನಿಯ ಜಿಎಚ್‌ಎಲ್‌ನವರ ಕೆಎಚ್ ಡೈರೆಕ್ಟರ್‌ನ ಕೆಲಸಗಾರಿಕೆಗೂ ಮೆಚ್ಚುಗೆ ಸಲ್ಲಬೇಕು.

ಕೊನೆಗೆ ಮನಸ್ಸು ನಿಂತದ್ದು ಹಾಂಗ್‌ಕಾಂಗ್‌ನ ಫೋಕಸ್‌ಟ್ರಾನಿಕ್‌ನವರ ಆಲ್ಕಟ್ರಾನಿಕ್ ಮೇಲೆ. ಅಳೆಯುವುದು ಒಂದೇ, ಕ್ಷಾರತೆ. ಬಣ್ಣದ ಗೊಡವೆಯೇ ಇಲ್ಲ: ಅಳೆದು ಎಳೆದುಕೊಂಡ ತೊಟ್ಟಿಯ ನೀರಿಗೆ ಸಾರ ಕಡಿಮೆಯ ಆಮ್ಲವನ್ನು ತೊಟ್ಟಿಕ್ಕಿಸುತ್ತ ಪಿಎಚ್ ಎಲೆಕ್ಟ್ರೋಡಿನಿಂದ ನೋಡುತ್ತಿರುತ್ತದೆ. ಪಿಎಚ್ ನಾಲ್ಕೂವರೆಯ ಹತ್ತಿರ ಇಳಿಯುವ ಹೊತ್ತಿಗೆ ಎಷ್ಟು ಆಮ್ಲ ಖರ್ಚಾಯಿತೋ ಅದೇ ಉತ್ತರ. ಆಮ್ಲದ ಸಾರವನ್ನು ಆರ್‌ಒ ನೀರಿನಲ್ಲಿ ಬೆರೆಸಿಕೊಂಡರೆ ಸಾಕು. ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು ಎಂಬುದನ್ನು ನಾವೇ ಹೇಳಬಹುದು. ನಮ್ಮ ಮೆತ್ತನೆಯ ಹವಳಗಳಿಗೆ ಬೆಳಗೊಂದು ಸಲ, ಸಂಜೆಯೊಂದು ಸಲ ಧಾರಾಳ.

ಅದರ ಪಂಪುಗಳನ್ನು ಎಷ್ಟು ಹೊತ್ತು ನೋಡಿದರೂ ನನಗೆ ಬೇಸರ ಬಾರದು. ಮೆದು ಕೊಳವೆಯೊಂದು ಅರ್ಧಚಂದ್ರವಾಗಿ ಬಾಗಿರುತ್ತದೆ. ಉರುಳೆಗಳು ಅದನ್ನು ಅದುಮುತ್ತ ಸುತ್ತುತ್ತವೆ. ಎರಡು ಉರುಳೆಗಳ ನಡುವೆ ಸಿಕ್ಕಿದಷ್ಟು ದ್ರವ ಮುಂದೆ ಸಾಗುತ್ತದೆ. ದ್ರವ ಕೊಳವೆಯ ಒಳಮೈಯನ್ನು ಬಿಟ್ಟು ಇನ್ನೇನನ್ನೂ ಮುಟ್ಟುವುದಿಲ್ಲ. ಸುತ್ತು ಎಣಿಸಿದರೆ ಅಳತೆ ಸಿಕ್ಕಿತು. ಕಾಲ ಕಳೆದಂತೆ ಕೊಳವೆ ಸಡಿಲವಾಗುತ್ತದೆ, ಸುತ್ತಿನ ಅಳತೆ ಜಾರುತ್ತದೆ. ಹಾಗಾಗಿ ಆಗಾಗ ಪಂಪನ್ನೂ, ಪಿಎಚ್ 4 ಮತ್ತು 7ರ ಬಫರಿನಲ್ಲಿ ಅದ್ದಿ ಎಲೆಕ್ಟ್ರೋಡನ್ನೂ ಸರಿದೂಗಿಸಬೇಕು. ಈ ಉಪಚಾರ ಬೇಡವೆನ್ನುವವರು ಇಂಥ ಯಂತ್ರ ಕೊಳ್ಳದಿರುವುದೇ ಲೇಸು. ಅಳೆದ ನೀರು ಬೇರೆ ಕ್ಯಾನಿಗೆ ಹೋಗಬೇಕು, ಮರಳಿ ತೊಟ್ಟಿಗಲ್ಲ. ಕರೆಂಟು ಹೋಗಿಬರುವ ನಮ್ಮ ಕಡೆ ಒಂದು ಪುಟ್ಟ ಯುಪಿಎಸ್ಸೂ ಬೇಕು. ಟೈಟ್ರೇಷನ್ ನಡುವೆ ನಿಂತರೆ ಆ ಅಳತೆ ವ್ಯರ್ಥ.

ಇಷ್ಟೆಲ್ಲ ಮಾಡಿದ ಮೇಲೆ ಪರದೆಯಲ್ಲಿ ಒಂದು ಗೆರೆ ಬೆಳೆಯತೊಡಗುತ್ತದೆ. ಬೆಳಗ್ಗೆ 8.1, ಸಂಜೆ 8. ದೀಪ ಉರಿಯುವ ಹೊತ್ತಿನಲ್ಲಿ ಪಾಚಿ ಉಸಿರಾಟಕ್ಕಿಂತ ಹೆಚ್ಚಾಗಿ ಆಹಾರ ತಯಾರಿಯಲ್ಲಿ ತೊಡಗುತ್ತದೆ, ನೀರಿನ ಇಂಗಾಲದ ಡೈಆಕ್ಸೈಡು ತಗ್ಗಿ ಪಿಎಚ್ ಏರುತ್ತದೆ, ಸುಣ್ಣ ಕೂಡುವುದು ಚುರುಕಾಗುತ್ತದೆ, ಗೆರೆ ಇಳಿಯುತ್ತದೆ. ರಾತ್ರಿ ಡೋಸಿಂಗ್ ಪಂಪು ಸೋಡಾದ ದ್ರಾವಣ ಕೊಟ್ಟಾಗ ಮತ್ತೆ ಏರುತ್ತದೆ. ಗಾಜು ಉಜ್ಜಿ ಸುಣ್ಣಪಾಚಿ ಕೆರೆದ ವಾರ ಇಳಿತ ಸಣ್ಣದಾಯಿತು. ಪಾಚಿ ಮತ್ತೆ ಹಬ್ಬಿದಂತೆ ದೊಡ್ಡದಾಯಿತು. ಅಕ್ಕನ ಮಗ ಈಗ ಬಂದಾಗಲೆಲ್ಲ ಮೊದಲು ಮೀನು ನೋಡುವುದಿಲ್ಲ, ಗೆರೆ ಕೇಳುತ್ತಾನೆ. ಭಾನುವಾರಗಳಂದು ಯಂತ್ರದ ಅಂಕಿಗೆ ತಾಳೆ ನೋಡಲು ನಾನು ಸಿರಿಂಜು ಹಿಡಿದು ಕೈಯಲ್ಲೂ ಅಳೆಯುತ್ತೇನೆ; ಅವನು ಇದ್ದರೆ ಶೀಶೆ ಆಡಿಸುವ ಕೆಲಸ ಅವನದು.